ಕೈ ಮೇಲಿನ ಮೊಸರು

ನಮ್ಮ ಯಜಮಾನರದು ಪೂಜಾರಿಕೆಯ ಮನೆತನ. ಮುರಗೋಡದಲ್ಲಿದ್ದ ಅವರ ಅಜ್ಜ ಪಂಚಾಂಗ ನೋಡಿ ಊರಿಗೆಲ್ಲ ಮುಹೂರ್ತ ಹೇಳುತ್ತಿದ್ದರಂತೆ. ಮೊಮ್ಮಗ ಮಾತ್ರ ಬೈಲಹೊಂಗಲದಲ್ಲಿ ಮನೆ ಮಾಡಿ, ನೇಸರಗಿಯಿಂದ ಸವದತ್ತಿಯವರೆಗೆ ಹೊಲಗಳಿಗೆ ಪೈಪ್‌ಲೈನ್ ಹಾಕುವ ಕೆಲಸ ಹಿಡಿದರು. ಮಂತ್ರ ಅರ್ಧ ಮರೆತಿದ್ದಾರೆ. ಯಾರ ಹೊಲದಲ್ಲಿ ಎಷ್ಟು ಇಂಚಿನ ಪೈಪು ಹೂತಿದ್ದಾರೆ ಎಂಬುದು ಬಾಯಿಪಾಠ.

ಹೋದ ವರ್ಷ ಅವರ ಕಣ್ಣು ಹಳದಿಯಾದವು. ಕಾಮಣಿ ಇರಬೇಕೆಂದು ಬೆಳಗಾವಿಗೆ ಕರೆದುಕೊಂಡು ಹೋದೆ. ಮೇದೋಜ್ಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ನಾಲ್ಕೈದು ತಿಂಗಳು ಕಿಮೋ ಕೊಟ್ಟು, ಆಮೇಲೆ ಆಪರೇಷನ್ ಮಾಡೋಣ ಎಂದರು ಡಾಕ್ಟರು. ಸರ್ಜನ್ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಹಾಳೆಯ ಮೇಲೆ ಚಿತ್ರ ಬರೆದು, ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ದೊಡ್ಡ ನಾಳವೊಂದು ಗಡ್ಡೆಗೆ ಅಂಟಿಕೊಂಡಿದೆ, ಅಷ್ಟು ತುಂಡನ್ನು ಕತ್ತರಿಸಿ ನಾಳವನ್ನು ಮತ್ತೆ ಜೋಡಿಸಬೇಕು ಎಂದು ವಿವರಿಸಿದಳು.

ನಾನು ಆ ಚಿತ್ರ ನೋಡಲಾರದೆ ಮುಖ ತಿರುಗಿಸಿದೆ. ನಮ್ಮವರು ಮಾತ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಎಷ್ಟು ಇಂಚು ಕತ್ತರಸ್ತೀರಿ? ನಡುವ ತುಂಡು ಹಾಕ್ತೀರೋ, ಎರಡೂ ತುದಿ ಎಳದು ಕೂಡಸ್ತೀರೋ?"

"ಸಣ್ಣದಿದ್ರ ಎಳದು ಕೂಡಸ್ತೀವ್ರಿ. ದಾರದಿಂದ ಹೊಲೀತೀವಿ."

"ಜೋಡಿಸೂ ಮುಂದ ಒಳಗಿನ ಹರಿವು ಬಂದ್ ಮಾಡಬೇಕಲ್ಲ?"

"ಮಾಡತೀವ್ರಿ."

"ಹಂಗಾದ್ರ ನಿಮಗ ಕೆಲಸ ಗೊತ್ತದ," ಎಂದು ಒಪ್ಪಿಗೆ ಕೊಟ್ಟರು. ಹುಟ್ಟುಗುಣವಷ್ಟೇ ಅಲ್ಲ, ಕಸುಬಿನ ಗುಣವೂ ಸುಟ್ಟರೆ ಹೋಗದು! ಡಾಕ್ಟರಮ್ಮ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಒಳಗ ನೋಡಿದ ಮ್ಯಾಲೇ ಖರೆ ತಿಳಿಯೂದ್ರಿ. ತಗೀಲಿಕ್ಕೆ ಆಗಲಿಲ್ಲಂದ್ರ ಗಡ್ಡಿ ಹಂಗ ಬಿಟ್ಟು ಹೊಲದು ಬಿಡ್ತೀವಿ. ಹಂಗಾದ್ರ ನಾವು ಲಗೂ ಹೊರಗ ಬರ್ತೀವಿ."

ಬೇಗ ಬಂದರೆ ಕೆಟ್ಟ ಸುದ್ದಿ. ಆ 'ಲಗೂ' ಎಂಬ ಮಾತು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು.

ಕಿಮೋ ಮುಗಿದ ಮೇಲೆ, ಆಪರೇಷನ್ನಿನ ಹಿಂದಿನ ದಿನವೇ ದವಾಖಾನೆ ಸೇರಿದೆವು. ಮಧ್ಯರಾತ್ರಿಯಿಂದ ನೀರೂ ಕುಡಿಯುವಂತಿಲ್ಲ ಎಂದು ನರ್ಸ್ ಹೇಳಿದ್ದಳು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಒಂದು ಹನಿ ನುಂಗಿದರೇನೋ ಎಂದು ನಾನೇ ಪೊಲೀಸರ ಹಾಗೆ ಅವರ ಗಂಟಲು ನೋಡಿದೆ. ಆಮೇಲೆ ಗಾಲಿ ಮಂಚ ಬಂತು. ಅವರು ಮಲಗಿದರು. ಗಾಲಿ ಉರುಳುವಷ್ಟರಲ್ಲಿ ಇಂಥ ಕಾವಲುಗಾರ್ತಿಯಾದ ನಾನೇ ಚೀಲದಿಂದ ಡಬ್ಬಿ ತೆಗೆದು, ಒಂದು ಚಮಚ ಮೊಸರನ್ನು ಅವರ ಅಂಗೈಗೆ ಹಾಕಿದೆ. ಅವರು ನೆಕ್ಕಿದರು.

ನಮ್ಮ ಮನೆಗಳಲ್ಲಿ ಯಾರೇ ಪರೀಕ್ಷೆಗೆ, ಪರ ಊರಿಗೆ ಹೊರಟರೂ ಕೈ ಮೇಲೆ ಮೊಸರು ಹಾಕುತ್ತೇವೆ, ಹೋದವರು ಸುಖವಾಗಿ ಮರಳಲಿ ಎಂದು. ಕೈ ತಾನಾಗಿ ಹಾಕಿತು, ನಾಲಿಗೆ ತಾನಾಗಿ ನೆಕ್ಕಿತು. ಇಬ್ಬರಿಗೂ ಅದು ತಿಂದ ಹಾಗೆ ಅನಿಸಲೇ ಇಲ್ಲ. ಒಳಗೆ ಅರಿವಳಿಕೆ ಕೊಡುವ ಡಾಕ್ಟರು, "ಏನರೆ ತಿಂದೀರೇನ್ರಿ?" ಎಂದು ಕೇಳಿದಾಗ ಸತ್ಯವಂತರಾದ ನಮ್ಮವರು ಹೇಳಿದರಂತೆ: "ಏನೂ ಇಲ್ಲರಿ. ಈಗ ನಮ್ಮಕಿ ಕೈಮ್ಯಾಲೆ ಮೊಸರು ಹಾಕಿದ್ಲು, ಅಷ್ಟ."

ಗಾಲಿ ಮಂಚ ಹೋದ ದಾರಿಯಲ್ಲೇ ಮರಳಿ ಬಂತು. ಸುಖವಾಗಿ ಮರಳಲಿ ಎಂದು ಹಾಕಿದ ಮೊಸರು ಇಷ್ಟು ಚುರುಕಾಗಿ ಫಲ ಕೊಟ್ಟದ್ದು ನಾನು ಇನ್ನೊಮ್ಮೆ ಕಂಡಿಲ್ಲ. ಆಪರೇಷನ್ ಎರಡು ದಿನ ಮುಂದೆ ಹೋಯಿತು.

ಆ ಎರಡು ದಿನ ನಾನು ಒಳಗೊಳಗೇ ಸತ್ತೆ. ಅಷ್ಟರಲ್ಲಿ ಗಡ್ಡೆ ಇನ್ನೂ ಬಿಗಿಯಾಗಿ ಕಚ್ಚಿಕೊಂಡರೆ? ಡಾಕ್ಟರಮ್ಮ, "ಎರಡು ದಿನದಾಗ ಏನೂ ಆಗೂದಿಲ್ಲ" ಎಂದರೂ ಸಮಾಧಾನವಿಲ್ಲ. ನರ್ಸ್ ಬಂದು, "ಅಮ್ಮಾರ, ಆ ಡಬ್ಬಿ ನನ್ನ ಕಡೆ ಇರ್ಲಿ ಕೊಡ್ರಿ," ಎಂದು ಜಪ್ತಿ ಮಾಡಿಕೊಂಡು ಹೋದಳು. ನಮ್ಮವರು ನನ್ನ ಮುಖ ನೋಡಿ, "ಅಳಬ್ಯಾಡ. ಮೊಸರು ಹುಳಿ ಆಗಿತ್ತು, ಅದರ ಚಿಂತಿ ಮಾಡು," ಎಂದರು.

ಎರಡನೆಯ ಸಲ ನಾನು ಕೈ ಕಟ್ಟಿಕೊಂಡೇ ನಿಂತಿದ್ದೆ. ಎಂಟು ಗಂಟೆಗೆ ಅವರು ಒಳಗೆ ಹೋದರು. ನಾನು ಬಾಗಿಲಿಗೆ ಎದುರಾಗಿ ಕುಳಿತೆ. ಉಳಿದ ಮಂದಿ ಬಾಗಿಲು ಯಾವಾಗ ತೆರೆದೀತು ಎಂದು ಕಾಯುತ್ತಿದ್ದರು, ನಾನು ತೆರೆಯದಿರಲಿ ಎಂದು. ಒಂಬತ್ತೂವರೆಗೆ ನರ್ಸೊಬ್ಬಳು ಹೊರಬಂದು ನಮ್ಮವರ ಹೆಸರು ಕೂಗಿದಳು.

"ಯಾಕ್ ಬಂದಿ? ಒಳಗ ಹೋಗು!" ಎಂದು ಚೀರಿಬಿಟ್ಟೆ.

"ಅಮ್ಮಾರ, ಇನ್ನೊಂದು ಬಾಟಲಿ ರಕ್ತಕ್ಕ ಸಹಿ ಬೇಕಾಗಿತ್ತ್ರಿ," ಎಂದಳು ಪಾಪದ ಹುಡುಗಿ. ಹಾಳೆಯನ್ನು ಗೋಡೆಗೆ ಒತ್ತಿ ಸಹಿ ಮಾಡಿ, ಅವಳನ್ನು ಒಳಗೆ ಕಳಿಸಿದೆ.

ಹನ್ನೊಂದಾಯಿತು, ಎರಡಾಯಿತು, ನಾಲ್ಕಾಯಿತು. ಐದೂವರೆಗೆ ಡಾಕ್ಟರಮ್ಮ ಕುತ್ತಿಗೆ ಒತ್ತಿಕೊಳ್ಳುತ್ತ ಬಂದಳು. "ಗಡ್ಡಿ ಪೂರಾ ತಗದೇವ್ರಿ. ನಾಳ ಕತ್ತರಿಸಿ ಕೂಡಿಸೇವಿ, ರಕ್ತ ಚೊಲೋ ಹರೀಲಿಕ್ಕತ್ತದ. ಇನ್ನೂ ಕೆಲವು ದಿನ ಕಣ್ಣಾಗ ಕಣ್ಣಿಟ್ಟು ನೋಡಬೇಕ್ರಿ." ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

ಮರುದಿನ ಐಸಿಯುದಲ್ಲಿ ಅವರು ಕಣ್ಣು ಬಿಟ್ಟು, ಒಣಗಿದ ತುಟಿಯಲ್ಲಿ ಕೇಳಿದರು: "ಬಹಳ ತಡಾ ಆತೇನು?"

ಪೈಪು ಜೋಡಿಸುವುದರಲ್ಲಿ ಹೊತ್ತು ಮರೆತು ತಡವಾಗಿ ಬರುತ್ತಿದ್ದ ಈ ಮನುಷ್ಯನಿಗೆ ಮೂವತ್ತೈದು ವರ್ಷ ಬಾಗಿಲಲ್ಲೇ ನಿಂತು ಬೈದವಳು ನಾನು.

"ಇನ್ನಷ್ಟು ತಡಾ ಆಗಿದ್ರೂ," ಎಂದೆ, "ನಾ ಏನೂ ಅಂತಿದ್ದಿಲ್ಲ."