ಉಪ್ಪುನೀರು ತಾಗದ ಕಾರು

ಸೆಮಾರಾಂಗ್ ಬಂದರಿನ ಹಿಂದಿರುವ ನಮ್ಮ ಓಣಿಗೆ ಉಬ್ಬರದ ದಿನ ಸಮುದ್ರವೇ ನಡೆದು ಬರುತ್ತದೆ. ಮೊಣಕಾಲುದ್ದ ಉಪ್ಪುನೀರು ನಿಂತು, ಮಧ್ಯಾಹ್ನದ ಮೇಲೆ ತಾನಾಗಿ ಇಳಿಯುತ್ತದೆ. ಎಲ್ಲರೂ ಮಣ್ಣು ಸುರಿದು ಸುರಿದು ಮನೆಯ ನೆಲ ಎತ್ತರಿಸಿಕೊಂಡಿದ್ದೇವೆ, ಈಗ ತಲೆ ತಗ್ಗಿಸದೆ ಯಾವ ಬಾಗಿಲೂ ದಾಟುವಂತಿಲ್ಲ. ಪಕ್ಕದ ಮನೆಯ ಕಸ್ಮುರಿಗೆ ಇದೇನೂ ಕಷ್ಟವಾಗಲಿಲ್ಲ. ಅವನ ಆಯುಷ್ಯವೆಲ್ಲ ಕಾರುಗಳ ಅಡಿಯಲ್ಲಿ ಅಂಗಾತ ಮಲಗಿಯೇ ಕಳೆದಿತ್ತು.

ಹಳೆಯ ಕಾರುಗಳ ಹೊಟ್ಟೆಯ ತುಕ್ಕು ತೆಗೆಯುವುದು ಅವನ ಕಸುಬು. ಬೇರೆಯವರು ತುಕ್ಕಿನ ಮೇಲೆಯೇ ಡಾಂಬರು ಬಳಿದು ಕೈತೊಳೆದುಕೊಳ್ಳುತ್ತಿದ್ದರು. ಇವನು ತಗಡು ಬೆಳ್ಳಗಾಗುವವರೆಗೆ ಉಜ್ಜಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ, ತುಕ್ಕು ತಡೆಯುವ ಕೆಂಪು ಬಣ್ಣ ಕೊಟ್ಟು, ಆಮೇಲೆ ಡಾಂಬರು ಹಚ್ಚುವವನು. ನೀರು ಇಳಿಯುವ ತೂತುಗಳು ಮುಚ್ಚದಿರಲೆಂದು ಮೊದಲೇ ಪೊರಕೆ ಕಡ್ಡಿ ಸಿಕ್ಕಿಸಿ, ಕೊನೆಗೆ ಒಂದೊಂದಾಗಿ ಕೀಳುತ್ತಿದ್ದ. "ನನ್ನ ಪೊರಕೆ ಬೋಳಾಯ್ತು, ಇವ್ರ ಕಾರಿಗೆ ಗಡ್ಡ ಬಂತು" ಎಂದು ಅವನ ಹೆಂಡತಿ ಸುಮಿರಾ ನನ್ನ ಕಾಫಿ ಅಂಗಡಿಯಲ್ಲಿ ಕೂತು ನಗುತ್ತಿದ್ದಳು.

ನಾವೆಲ್ಲ ಕೊಹ್, ಅಂದರೆ ಅಣ್ಣ, ಎಂದು ಕರೆಯುವ ಬ್ರೆಡ್ ಅಂಗಡಿಯ ಗ್ವಾನ್ ತನ್ನ ಅಪ್ಪನ ಕಾಲದ ಫಿಯಟ್ ತಂದುಬಿಟ್ಟಾಗ ಕಸ್ಮುರಿ ಅದನ್ನು ಅಂಗಳದ ದಿಬ್ಬದ ಮೇಲೆ ನಿಲ್ಲಿಸಿಕೊಂಡ. ಕೆಲಸ ಮುಗಿಯುವವರೆಗೆ ಒಂದು ಹನಿ ಉಪ್ಪುನೀರು ತಾಗದು ಎಂದು ಮಾತು ಕೊಟ್ಟ. ಬರಿ ತಗಡಿಗೆ ಉಪ್ಪು ತಾಗಿದರೆ ಬೆಳಗಾಗುವುದರೊಳಗೆ ಕೆಂಪಾಗುತ್ತದೆ.

ಅಡಿಯೆಲ್ಲ ಉಜ್ಜಿ ಮುಗಿಸಿದ ದಿನವೇ ದೊಡ್ಡ ಉಬ್ಬರ. ಸುಮಿರಾ ಒಲೆಯ ಮುಂದೆ ಕುಸಿದಳು. ಮೈಗೆ ಗಾಳಿ ಹೊಕ್ಕಿದೆ ಎಂದು ಕಸ್ಮುರಿ ಎಣ್ಣೆ ಹಚ್ಚಿ ನಾಣ್ಯದಿಂದ ಅವಳ ಬೆನ್ನು ಗೀರಿದ. ನಮ್ಮಲ್ಲಿ ಎಲ್ಲರೂ ಮಾಡುವುದೇ ಅದು. ಆದರೆ ನಾನು ಹೋಗಿ ನೋಡಿದಾಗ ಅವಳ ಬಾಯಿ ಒಂದು ಕಡೆಗೆ ವಾಲಿತ್ತು. ಆಂಬುಲೆನ್ಸಿಗೆ ಫೋನು ಮಾಡಿದೆ. ಉಪ್ಪುನೀರಿಗೆ ಗಾಡಿ ಇಳಿಸುವುದಿಲ್ಲ, ದೊಡ್ಡ ರಸ್ತೆಗೆ ಕರೆತನ್ನಿ ಅಂದರು. ಗಂಡಸರೆಲ್ಲ ಬೈಕು ತೆಗೆದುಕೊಂಡು ಬಂದರಿಗೆ ಹೋಗಿದ್ದರು, ಅವಳನ್ನು ಹೊತ್ತು ಆ ನೀರು ದಾಟುವುದು ನಮ್ಮಿಬ್ಬರಿಂದ ಆಗುವಂತಿರಲಿಲ್ಲ. ಓಣಿಯಲ್ಲಿದ್ದ ಗಾಡಿ ಆ ಫಿಯಟ್ ಒಂದೇ, ಕೀಲಿ ಕಸ್ಮುರಿಯ ಜೇಬಿನಲ್ಲೇ ಇತ್ತು.

"ಕಾರು ತೆಗಿಯೋ" ಅಂದೆ.

"ಅಡಿ ಬರಿ ತಗಡು ಅಕ್ಕಾ. ನೀರು ಇಳಿಯೋ ಹೊತ್ತಾಯ್ತು. ಸ್ವಲ್ಪ ತಡಿ."

"ಹೆಂಡ್ತಿಗಿಂತ ಹೆಚ್ಚಾಯ್ತೇನೋ ನಿಂಗೆ ಆ ತಗಡು?"

ಅವನು ಹೊಸ್ತಿಲ ಕೆಳಗಿನ ನೀರನ್ನೇ ನೋಡುತ್ತ ಕೂತ. ಕೆಟ್ಟವನಲ್ಲ. ಅವಳ ತಲೆ ಅವನ ತೊಡೆಯ ಮೇಲೇ ಇತ್ತು. ಅಷ್ಟಾದರೂ ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು ಹೋಗಿಲ್ಲ. ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ನೀರು ಅವನು ಹೇಳಿದ ಹೊತ್ತಿಗೇ ಇಳಿಯಿತು. ಅಷ್ಟರಲ್ಲಿ ಆ ಕೈ ಜಾರಿಬಿದ್ದಿತ್ತು.

ಮಣ್ಣಿಗೆ ಕೊಂಡೊಯ್ಯುವ ದಿನ ಕೊಹ್ ಗ್ವಾನ್ ಪ್ಯಾಂಟು ಮಡಚಿಕೊಂಡು ಕೆಸರು ತುಳಿಯುತ್ತ ಬಂದ. ಕಸ್ಮುರಿ ಅವನಿಗೆ ಹೇಳಿದ ಮೊದಲ ಮಾತು, "ನಿಮ್ ಕಾರಿಗೆ ಒಂದು ಹನೀನೂ ತಾಗಿಲ್ಲ, ಕೊಹ್."

ಅವನು ಕಾರು ತೆಗೆಯದೆ ನೀರು ಇಳಿಯಲೆಂದು ಕಾದದ್ದನ್ನು ನಾನು ಹೇಳಿದೆ. ಕೊಹ್ ಗ್ವಾನ್ ಬೆಂಚಿನ ಮೇಲೆ ಕೂತ.

"ತಗಡು ತಾನೇ ಕಸ್ಮುರಿ. ಇನ್ನೊಂದ್ಸಲ ಉಜ್ಜಿದ್ರೆ ಹೋಗ್ತಿತ್ತು."

ಚುಚ್ಚಬೇಕೆಂದು ಹೇಳಿದ್ದಲ್ಲ, ಸಂಕಟಕ್ಕೆ ಬಂದ ಮಾತು. ಕಸ್ಮುರಿ ತಲೆಯಾಡಿಸಿದ.

ಆಮೇಲೆ ಅವನು ಉಜ್ಜುವ ಬ್ರಷ್ಷು ಮುಟ್ಟಲಿಲ್ಲ. ಮುಂದಿನ ದೊಡ್ಡ ಉಬ್ಬರದ ದಿನ ನಾನು ಕಾಫಿಗೆ ನೀರಿಟ್ಟಿದ್ದೆ. ಫಿಯಟ್ ಶುರುವಾದ ಸದ್ದು ಕೇಳಿತು. ಕಸ್ಮುರಿ ಅದನ್ನು ದಿಬ್ಬದಿಂದಿಳಿಸಿ, ಮೊಣಕಾಲುದ್ದ ನೀರಲ್ಲಿ ನಿಧಾನವಾಗಿ ದೊಡ್ಡ ರಸ್ತೆಯವರೆಗೆ ಓಡಿಸಿದ. ಪಕ್ಕದ ಸೀಟು ಖಾಲಿ. ಕಾರು ಎಲ್ಲೂ ನಿಲ್ಲಲಿಲ್ಲ. ರಸ್ತೆ ಮುಟ್ಟಿ, ತಿರುಗಿಸಿಕೊಂಡು ವಾಪಸು ಬಂದ. ನನ್ನ ನೀರು ಇನ್ನೂ ಕುದಿ ಬಂದಿರಲಿಲ್ಲ.

ಮಾರನೆಯ ದಿನ ಕಾರಿನ ಅಡಿಯೆಲ್ಲ ಕೆಂಪಾಗಿತ್ತು. ಅವನು ಸಿಹಿನೀರು ಸುರಿದು ತೊಳೆದು, ಅಂಗಾತ ಮಲಗಿ ಉಜ್ಜತೊಡಗಿದ. ಸಂಜೆಯ ಹೊತ್ತಿಗೆ ತಗಡು ಮೊದಲಿನ ಹಾಗೇ ಬೆಳ್ಳಗಾಯಿತು. ಒಂದು ಹಗಲಿನ ಕೆಲಸ, ಅಷ್ಟೇ.