ಚಾಕು ಹಿಡಿಯದವಳಿಗೆ ಸರ್ಟಿಫಿಕೇಟ್

ರಾಕ್‌ಹ್ಯಾಂಪ್ಟನ್ನಿನ ನಮ್ಮ ದನದ ಮಾಂಸದ ಕಾರ್ಖಾನೆಗೆ ಲೊರೇನ್ ಟಕೆಟ್ ಸೇರಿದ್ದು ಮೂಳೆಯಿಂದ ಮಾಂಸ ಬಿಡಿಸುವ ಕೆಲಸ ಕಲಿಯಲು. ತರಬೇತಿಯ ಖರ್ಚು, ಕೂಲಿ ಎಲ್ಲ ಸರ್ಕಾರದ್ದು. ಆದರೆ ವರ್ಷವಿಡೀ ಅವಳಿಂದಲೂ, ಅವಳ ಜೊತೆ ಕಲಿಯಲು ಸೇರಿದ್ದ ನಮ್ಮಿಂದಲೂ ನೆಲ ತೊಳೆಸಿದರು. ಕೇಳಿದಾಗಲೆಲ್ಲ ಮೇಲ್ವಿಚಾರಕ ಗ್ರೆವಿಲ್, "ಮುಂದಿನ ವಾರ ನೋಡೋಣ ಬಿಡು" ಅನ್ನುತ್ತಿದ್ದ.

ಕೊನೆಗೆ ಮಂತ್ರಿಗಳು ಬಂದು ಸರ್ಟಿಫಿಕೇಟ್ ಹಂಚತೊಡಗಿದರು. ಲೊರೇನ್ ಕೈಚಾಚಲಿಲ್ಲ.

"ನಾನು ಕೆಲಸ ಕಲಿತೆ ಅಂತ ಇದರಲ್ಲಿ ಬರೆದಿದ್ದಾರೆ. ನನ್ನ ಕೈಗೆ ಚಾಕುವನ್ನೇ ಕೊಟ್ಟಿಲ್ಲ. ನಿಮ್ಮ ದುಡ್ಡಲ್ಲಿ ಇವರಿಗೆ ಪುಕ್ಕಟೆ ನೆಲ ತೊಳೆಯೋಳು ಸಿಕ್ಕಳು, ಅಷ್ಟೇ."

ಗ್ರೆವಿಲ್ ಅವಳ ತೋಳು ಹಿಡಿದು, "ಸುಮ್ನಿರು, ಮರ್ಯಾದೆ ಹೋಗುತ್ತೆ" ಎಂದ.

"ಯಾರದ್ದು?" ಎಂದಳು ಲೊರೇನ್.

ಅವಳ ಹಿಂದೆ ಸಾಲಿನಲ್ಲಿದ್ದ ನಾವೂ ಸರ್ಟಿಫಿಕೇಟ್ ಮುಟ್ಟಲಿಲ್ಲ. ಸೋಮವಾರ ನಮ್ಮೆಲ್ಲರ ಕೈಗೂ ಚಾಕು ಬಂತು. ಲೊರೇನಳನ್ನು ಮಾತ್ರ ಗೇಟಿನಲ್ಲೇ ತಡೆದು, ಕೆಲಸವಿಲ್ಲ ಎಂದು ವಾಪಸ್ ಕಳಿಸಿದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.