ಹೆಲ್ಮೆಟ್ಟಿನೊಳಗಿನ ಹೂಂ

ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಬೈಕಿನ ಮೇಲೆ ಆದಂಥವು. ತೀರ್ಮಾನ ಮಾಡಿದ್ದು ಹಿಂದೆ ಕೂತ ಹೆಂಡತಿ, ಒಪ್ಪಿಗೆ ಕೊಟ್ಟದ್ದು ಮುಂದೆ ಕೂತ ನಾನು. ಕೇಳಿಸಿಕೊಂಡವರು ಯಾರೂ ಇಲ್ಲ.

ಅವಳ ತವರು ಶೃಂಗೇರಿ ದಾಟಿ ನೆಮ್ಮಾರಿನ ಕಡೆ. ನಮ್ಮೂರು ಕೊಪ್ಪದಿಂದ ಅಲ್ಲಿಗೆ ಹೋಗಿಬರುವ ದಾರಿಯಲ್ಲಿ ಹತ್ತೊಂಬತ್ತು ವರ್ಷ ಅವಳು ನನ್ನ ಬೆನ್ನಿನ ಜೊತೆ ಮಾತಾಡಿದ್ದಾಳೆ. ನನ್ನ ತಲೆಗೆ ಹೆಲ್ಮೆಟ್, ಕಿವಿಗೆ ಗಾಳಿ, ಕೆಳಗೆ ಇಂಜಿನ್. ಮೊದಲ ಸಲ ‘ಎಂತ?’ ಎನ್ನುತ್ತೇನೆ. ಎರಡನೆಯ ಸಲವೂ ‘ಎಂತ?’ ಎನ್ನುತ್ತೇನೆ. ಮೂರನೆಯ ಸಲ ಹಾಗೆನ್ನುವುದು ಸಂಸಾರಕ್ಕೆ ಒಳ್ಳೆಯದಲ್ಲ, ಆದ್ದರಿಂದ ‘ಹೂಂ’ ಎನ್ನುತ್ತೇನೆ. ಹೀಗೆ ಹೂಂಗುಟ್ಟಿದ ಫಲವಾಗಿ ನಮ್ಮ ಮನೆಗೆ ಹೊಸ ಗ್ರೈಂಡರ್ ಬಂದಿದೆ, ಹಿತ್ತಲಿನ ನುಗ್ಗೆಮರ ಹೋಗಿದೆ, ಅವಳ ಚಿಕ್ಕಮ್ಮ ಬಂದು ಎರಡು ತಿಂಗಳು ಇದ್ದು ಹೋಗಿದ್ದಾರೆ. ಯಾವುದನ್ನು ಪ್ರಶ್ನಿಸಿದರೂ ಉತ್ತರ ಒಂದೇ, ‘ನೀವೇ ಹೂಂ ಅಂದ್ರಲ್ಲ.’ ಯಾವ ತಿರುವಿನಲ್ಲಿ ಅಂದೆ ಎಂಬುದೂ ಅವಳಿಗೆ ನೆನಪಿರುತ್ತದೆ.

ಹೋದ ವರ್ಷ ಮನೆಯ ಮುಂದೆ ಒಂದು ಹೊಸ ಸ್ಕೂಟರ್ ನಿಂತಿತ್ತು. ಯಾರೋ ನೆಂಟರು ಬಂದಿರಬೇಕು ಎಂದುಕೊಂಡು ಒಳಗೆ ಹೋಗಿ ನೋಡಿದರೆ ನೆಂಟರಿಲ್ಲ. ನರಸಿಂಹರಾಜಪುರದಲ್ಲಿ, ಅಂದರೆ ನಮ್ಮ ಬಾಯಲ್ಲಿ ಎನ್.ಆರ್. ಪುರದಲ್ಲಿ, ಹೆಂಗಸರಿಗೆ ಹೊಲಿಗೆ ಕಲಿಸುವ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳಂತೆ, ಸಿಕ್ಕಿತಂತೆ. ಪಕ್ಕದ ಮನೆಯವಳ ಗಾಡಿಯಲ್ಲಿ ಸ್ಕೂಲ್ ಮೈದಾನದಲ್ಲಿ ಓಡಿಸಲು ಕಲಿತು ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳಂತೆ. ನಾಲ್ಕಕ್ಕೂ ನಾನು ಹೂಂ ಅಂದಿದ್ದೆನಂತೆ. ಬಸ್ಸಿನಲ್ಲಿ ಹೋಗಬಹುದಲ್ಲ ಎಂದೆ. ಕ್ಲಾಸು ಬಿಡುವ ಹೊತ್ತಿಗೂ ಬಸ್ಸು ಬರುವ ಹೊತ್ತಿಗೂ ಆಗಿಬರುವುದಿಲ್ಲ ಎಂದಳು.

ನಾನು ಹೆದರುಪುಕ್ಕಲನೆಂದು ಊರಿಗೆಲ್ಲ ಗೊತ್ತು. ಆದರೆ ನನ್ನ ಹೆದರಿಕೆಗೆ ದಾಖಲೆ ಇದೆ ಎಂಬುದು ಯಾರಿಗೂ ಗೊತ್ತಿಲ್ಲ. ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಸುತ್ತಲಿನ ಯಾವ ತಿರುವಿನಲ್ಲಿ ಯಾರು ಬಿದ್ದರೂ ಅವರ ಇನ್ಶೂರೆನ್ಸ್ ಕಾಗದ ಮೂರು ಪ್ರತಿಗಳಲ್ಲಿ ನನ್ನ ಯಂತ್ರದ ಹೊಟ್ಟೆಯೊಳಗೆ ಹಾದುಹೋಗಬೇಕು. ಪೊಲೀಸರು ಬಿಡಿಸಿದ ರಸ್ತೆಯ ನಕ್ಷೆ, ಅದರಲ್ಲಿ ಬಿದ್ದ ಜಾಗಕ್ಕೆ ಹಾಕಿದ ಗುಣಿಸು ಚಿಹ್ನೆ, ಎಲ್ಲವನ್ನೂ ನೋಡಿದ್ದೇನೆ. ಉಳಿದವರಿಗೆ ಅದು ಎನ್.ಆರ್. ಪುರದ ರಸ್ತೆ. ನನಗೆ ಮಾತ್ರ ಅದು ಸಾಲಾಗಿ ಗುಣಿಸು ಚಿಹ್ನೆಗಳು.

ಅವಳು ಮುಂದೆ ಹೋಗಲಿ, ನಾನು ಹಿಂದಿನಿಂದ ಬೈಕಿನಲ್ಲಿ ಹೋಗುತ್ತ ಮಾತಿನಲ್ಲೇ ಓಡಿಸುತ್ತೇನೆ ಎಂದು ತೀರ್ಮಾನಿಸಿದೆ. ಅದಕ್ಕೆ ಇಬ್ಬರ ಹೆಲ್ಮೆಟ್ಟಿನೊಳಗೂ ಅಂಟಿಸುವ ಬ್ಲೂಟೂತ್ ಹೆಡ್‌ಸೆಟ್ ಬೇಕು. ಮೂರು ವಾರ ಮೊಬೈಲಿನಲ್ಲಿ ಜನರ ಅಭಿಪ್ರಾಯ ಓದಿದೆ. ಒಬ್ಬ ಐದು ನಕ್ಷತ್ರ ಕೊಟ್ಟು ‘ಇನ್ನೂ ಬಳಸಿಲ್ಲ’ ಎಂದು ಬರೆದಿದ್ದ. ಇನ್ನೊಬ್ಬ ಒಂದೇ ನಕ್ಷತ್ರ ಕೊಟ್ಟಿದ್ದ, ಪೆಟ್ಟಿಗೆಯ ಬಣ್ಣ ಸರಿಯಿಲ್ಲವೆಂದು. ದೇಶದ ಭವಿಷ್ಯದ ಬಗ್ಗೆಯೂ ಒಂದಿಷ್ಟು ಚಿಂತೆ ಮಾಡಿ, ಪೇಟೆಯಲ್ಲಿ ಬೈಕಿನ ಸಾಮಾನು ಮಾರುವ ಅಂಗಡಿಗೆ ಹೋದೆ.

ಅಂಗಡಿಯವನು ಎಲ್ಲಿಗೆ ಟೂರ್ ಎಂದು ಕೇಳಿದ. ಲಡಾಖ್ ಎಂಬ ಉತ್ತರ ಬರಬಹುದೆಂದು ಮುಖ ಅರಳಿಸಿಕೊಂಡಿದ್ದ. ಎನ್.ಆರ್. ಪುರ ಎಂದೆ. ಮುಖ ಮೊದಲಿನಂತಾಯಿತು. ಆದರೂ ಪಾಪ, ಮೂರು ಬಗೆ ತೆಗೆದು ತೋರಿಸಿದ. ಒಂದರಲ್ಲಿ ಎಂಟು ಜನ ಒಟ್ಟಿಗೆ ಮಾತಾಡಬಹುದು. ನಮ್ಮ ಮನೆಯಲ್ಲಿ ಇಬ್ಬರು ಮಾತಾಡಿದ್ದೇ ಹೆಚ್ಚಾಗಿದೆ ಎಂದು ಅದನ್ನು ಬದಿಗಿಟ್ಟೆ. ಇನ್ನೊಂದು ಅಗ್ಗದ್ದು. ಅದನ್ನು ಕೊಂಡರೆ ಹಾಳಾದೀತೆಂಬ ಭಯ, ದುಬಾರಿಯದನ್ನು ಕೊಂಡರೆ ಕಳುವಾದೀತೆಂಬ ಭಯ. ಹಾಗಾಗಿ ಎರಡೂ ಭಯಗಳು ಸಮಸಮವಾಗಿದ್ದ ನಡುವಿನದನ್ನು ಕೈಗೆತ್ತಿಕೊಂಡೆ. ಮಳೆ ತಡೆಯುತ್ತದೆಯೇ ಎಂದು ಕೇಳಿದೆ. ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿದರೂ ಏನೂ ಆಗುವುದಿಲ್ಲ ಎಂದ. ನಮ್ಮ ಮಳೆ ಅರ್ಧ ಗಂಟೆಗೆ ನಿಂತದ್ದು ನನಗೆ ನೆನಪಿಲ್ಲ, ಇರಲಿ. ಎಷ್ಟು ದೂರ ಕೇಳಿಸುತ್ತದೆ ಎಂದು ಕೇಳಿದೆ.

‘ಒಂದು ಕಿಲೋಮೀಟರ್ ಸರ್. ಆದ್ರೆ ಓಪನ್ ಜಾಗ ಆಗ್ಬೇಕು. ಗುಡ್ಡ, ಮರ, ತಿರುವು ಎಂತದೂ ಇರ್ಬಾರ್ದು.’

‘ಅಂಥ ಜಾಗ ನಮ್ಮಲ್ಲಿ ಎಲ್ಲುಂಟು ಮಾರಾಯ?’

ಅವನು ಪ್ರಾಮಾಣಿಕ ಮನುಷ್ಯ. ಸ್ವಲ್ಪ ಯೋಚಿಸಿ, ಕಾಲೇಜ್ ಗ್ರೌಂಡಿನಲ್ಲಿ ಚೆನ್ನಾಗಿ ಕೇಳ್ತದೆ ಸರ್ ಎಂದ. ಆಮೇಲೆ ಸಮಾಧಾನಕ್ಕೆ, ಇದು ಗಾಳಿಯ ಸದ್ದನ್ನು ಪೂರ್ತಿ ಅಡಗಿಸುತ್ತದೆ, ಆ ಕಡೆಯವರು ಪಿಸುಗುಟ್ಟಿದರೂ ಕೇಳುತ್ತದೆ ಎಂದೂ ಸೇರಿಸಿದ. ಗಾಳಿಯನ್ನೇ ನಂಬಿ ಹತ್ತೊಂಬತ್ತು ವರ್ಷ ಸಂಸಾರ ಮಾಡಿದವನಿಗೆ ಅದು ಎಂಥ ಅಪಾಯದ ಮಾತು ಎಂಬುದು ಆಗ ಹೊಳೆಯಲಿಲ್ಲ. ಎಲ್ಲದಕ್ಕೂ ಹೆದರುವವನು ಹೆದರಬೇಕಾದದ್ದೊಂದನ್ನು ಬಿಟ್ಟಿರುತ್ತಾನೆ.

ಸೋಮವಾರ ಅವಳ ಮೊದಲ ಕ್ಲಾಸು. ಹಿಂದಿನ ದಿನ ಭಾನುವಾರ ಪರೀಕ್ಷೆಗೆಂದು ಎರಡು ಗಾಡಿಗಳಲ್ಲಿ ಹೊರಟೆವು, ಅವಳು ಮುಂದೆ, ನಾನು ಹಿಂದೆ. ಊರು ದಾಟುವಷ್ಟರಲ್ಲಿ ನಾನು ಶುರುಮಾಡಿದ್ದೆ. ಎಡಕ್ಕೆ ಬಾ. ಅಷ್ಟು ಎಡ ಬೇಡ, ಚರಂಡಿ ಉಂಟು. ಹಾರ್ನ್ ಹಾಕು. ನಾಯಿ ನೋಡು, ಅದು ದಾಟುವ ಹಾಗಿದೆ. ಪ್ರತಿಯೊಂದಕ್ಕೂ ಕಿವಿಯೊಳಗೇ ಕೂತು ಹೇಳಿದ ಹಾಗೆ, ಸ್ಫಟಿಕದಷ್ಟು ಸ್ಪಷ್ಟವಾಗಿ ‘ಹೂಂ’ ಎಂದು ಉತ್ತರ ಬರುತ್ತಿತ್ತು. ಎಂಥ ವಿಧೇಯತೆ! ಕೊಟ್ಟ ದುಡ್ಡು ಸಾರ್ಥಕವಾಯಿತು ಎಂದುಕೊಂಡೆ. ಮೂರು ನಾಲ್ಕು ಕಿಲೋಮೀಟರ್ ಹೀಗೇ ಹೋದಮೇಲೆ ಆ ಹೂಂ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸತೊಡಗಿತು. ಒಂದೇ ಉದ್ದ, ಒಂದೇ ರಾಗ. ಪ್ರಶ್ನೆ ಮುಗಿಯುವ ಮೊದಲೇ ಸಿದ್ಧವಾಗಿರುವ ಹೂಂ. ಅದನ್ನು ತಯಾರಿಸಿದವನು ನಾನು. ನನ್ನ ಮಾಲು ನನಗೆ ಗುರುತು ಸಿಗುವುದಿಲ್ಲವೆ?

‘ಎದುರಿಂದ ಒಂದು ಆನೆ ಬರ್ತಾ ಉಂಟು’ ಎಂದೆ.

‘ಹೂಂ.’

‘ಅದರ ಮೇಲೆ ನಿನ್ನ ಚಿಕ್ಕಮ್ಮ ಕೂತಿದ್ದಾರೆ.’

‘ಹೂಂ.’

ಇಲ್ಲಿ ನಗಬೇಕಿತ್ತು. ನಾನು ನಗಲಿಲ್ಲ, ಗಾಬರಿಯಾದೆ. ಇವಳು ಏನನ್ನೂ ಕೇಳಿಸಿಕೊಳ್ಳುತ್ತಿಲ್ಲ, ನಿಜವಾಗಿ ಏನಾದರೂ ಬಂದರೆ ಏನು ಗತಿ? ಸರಿಯಾಗಿ ಆಗಲೇ ಮುಂದಿನ ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಅವಳು ತನ್ನ ಪಾಡಿಗೆ ಎಡಗಡೆಯಲ್ಲಿ ನಿಧಾನಕ್ಕೆ ಹೋಗುತ್ತಿದ್ದಳು. ನಾನು ಗಂಟಲು ಹರಿಯುವಂತೆ ‘ಬ್ರೇಕ್!’ ಎಂದು ಕೂಗಿದೆ.

ಆ ಕೂಗು ಅವಳ ಎರಡೂ ಕಿವಿಗಳಲ್ಲಿ ಒಟ್ಟಿಗೆ ಸಿಡಿದಿರಬೇಕು. ಹೆಗಲು ಜಿಗಿದದ್ದು ನನಗೆ ಹಿಂದಿನಿಂದ ಕಂಡಿತು. ಬ್ರೇಕ್ ಬಿಗಿಯಾಗಿ ಬಿತ್ತು. ರಸ್ತೆಯ ಅಂಚಿನ ಜಲ್ಲಿಯ ಮೇಲೆ ಹಿಂದಿನ ಚಕ್ರ ಜಾರಿ ಸ್ಕೂಟರ್ ಅಡ್ಡ ತಿರುಗಿತು. ಅವಳು ಕಾಲು ಊರಿ, ಹೇಗೋ ಹಿಡಿದು ನಿಲ್ಲಿಸಿದಳು. ಬಸ್ಸು ಸಾಕಷ್ಟು ಜಾಗ ಬಿಟ್ಟುಕೊಂಡು, ಇಬ್ಬರಿಗೂ ಒಂದೊಂದು ಹಾರ್ನ್ ಕೊಟ್ಟು ಹೋಯಿತು. ಗುಣಿಸು ಚಿಹ್ನೆ ಬೀಳಬೇಕಾಗಿದ್ದ ಜಾಗದಲ್ಲಿ ನಾನು ಬೈಕ್ ನಿಲ್ಲಿಸಿದೆ. ನಕ್ಷೆಯಲ್ಲಿ ಅಪಘಾತದ ಕಾರಣವೆಂದು ಬರೆಯಲು ರಸ್ತೆಯೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಇದ್ದದ್ದು ನಾನೊಬ್ಬನೇ.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

‘ರಸ್ತೆ ನೋಡ್ಲಾ, ನಿಮ್ಮನ್ನ ಕೇಳ್ಲಾ?’ ಎಂದಷ್ಟೇ ಕೇಳಿದಳು.

ಉತ್ತರಕ್ಕೆ ಕಾಯದೆ ಸ್ಕೂಟರ್ ನೇರ ಮಾಡಿಕೊಂಡು ಮತ್ತೆ ಹೊರಟಳು. ನಾನು ಬಾಯಿ ಮುಚ್ಚಿಕೊಂಡು ಹಿಂಬಾಲಿಸಿದೆ. ಒಂದೊಂದು ತಿರುವಿಗೂ ಅವಳು ಕಾಣೆಯಾಗುತ್ತಿದ್ದಳು, ಕಿವಿಯಲ್ಲಿ ಬರೀ ಗೊರಗೊರ. ಮತ್ತೆ ಕಾಣಿಸಿಕೊಂಡಾಗ ಅವಳ ಉಸಿರು ಕೇಳುತ್ತಿತ್ತು. ನಾನು ಸುಮ್ಮನಿದ್ದಷ್ಟೂ ಗಾಡಿ ಚೆನ್ನಾಗಿ ಓಡುತ್ತಿತ್ತು. ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯುತ್ತಿದ್ದೇನೆ.

ನರಸಿಂಹರಾಜಪುರ ಇನ್ನೇನು ಬಂತು ಎನ್ನುವಾಗ ಸ್ವಲ್ಪ ನೇರ ರಸ್ತೆ ಸಿಕ್ಕಿತು. ಆಗ ಅವಳು ತಿರುಗದೆಯೇ ಮಾತಾಡಿದಳು.

‘ನಾಳೆ ನಾನೊಬ್ಬಳೇ ಬರ್ತೇನೆ. ನೀವು ಬರೂದು ಬೇಡ.’

‘ಎಂತ?’ ಎಂದೆ.

‘ನಾಳೆ ನಾನೊಬ್ಬಳೇ ಬರ್ತೇನೆ ಅಂದೆ.’

‘ಎಂತ? ಗಾಳಿ ಮಾರಾಯ್ತಿ, ಎಂತದೂ ಕೇಳೂದಿಲ್ಲ.’

ಅವಳು ನಕ್ಕಳು. ಗಾಳಿಯನ್ನು ಅಡಗಿಸುವ ಆ ಯಂತ್ರ ನಗುವಿನ ಒಂದು ಎಳೆಯನ್ನೂ ಬಿಡದೆ ನನ್ನ ಕಿವಿಗೆ ತಂದು ಹಾಕಿತು. ‘ನೀವೇ ಆರಿಸಿ ತಂದದ್ದಲ್ದ? ಪಿಸುಗುಟ್ಟಿದ್ರೂ ಕೇಳ್ತದೆ ಅಂತ ಮೂರು ದಿನ ಹೇಳಿದ್ರಿ. ಕೇಳ್ತಾ, ಇಲ್ವ?’

ಕೇಳಿತ್ತು. ಮೊದಲ ಸಲವೇ ಕೇಳಿತ್ತು. ಇಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಒಂದು ತಾಲ್ಲೂಕಿಗಾಗುವಷ್ಟು ಕಾರಣಗಳಿದ್ದವು, ಮೂರು ಪ್ರತಿಗಳಲ್ಲಿ. ಆದರೆ ಜಲ್ಲಿಯ ಮೇಲೆ ಜಾರಿದ ಚಕ್ರ ಅವಕ್ಕಿಂತ ಮುಂಚೆಯೇ ನಾಲಗೆಯ ಮೇಲೆ ಬಂದು ಕೂತಿತ್ತು. ಆ ನೇರ ರಸ್ತೆ ಮುಗಿಯುವುದರೊಳಗೆ ‘ಹೂಂ’ ಎಂದೆ. ಕೇಳಿಸಿಕೊಂಡು ಹೂಂ ಅಂದದ್ದು ಅದೇ ಮೊದಲು. ಅಂಥ ಹೂಂ ಎಷ್ಟು ಭಾರವಿರುತ್ತದೆ ಎಂದು ಆಗ ಗೊತ್ತಾಯಿತು.

ಸೋಮವಾರ ಬೆಳಗ್ಗೆ ಅವಳು ನನ್ನ ಅಂಗಡಿಯ ಮುಂದಿನಿಂದಲೇ ಹೋದಳು. ನಾನು ಮಾತು ಕೊಟ್ಟದ್ದು ಹಿಂದೆ ಬರುವುದಿಲ್ಲವೆಂದು, ಹೆಲ್ಮೆಟ್ ಹಾಕುವುದಿಲ್ಲವೆಂದಲ್ಲ. ಒಳಗೆ ಸ್ಟೂಲಿನ ಮೇಲೆ ಹೆಲ್ಮೆಟ್ ಹಾಕಿಕೊಂಡು, ಬಾಯಿಯ ಮುಂದಿನ ಮೈಕ್ ಆಫ್ ಮಾಡಿ ಕೂತೆ. ಇಂಡಿಕೇಟರಿನ ಟಿಕ್‌ಟಿಕ್ ಕೇಳಿತು. ಯಾರೋ ಎಲ್ಲಿಗೆ ಹೊರಟದ್ದು ಎಂದು ಕೇಳಿದರು, ‘ಕೆಲಸಕ್ಕೆ’ ಎಂದಳು. ಆ ಪದವನ್ನು ಅವಳ ಬಾಯಲ್ಲಿ ಅಷ್ಟು ಸಲೀಸಾಗಿ ನಾನು ಕೇಳಿರಲಿಲ್ಲ. ಆಮೇಲೆ ಗೊರಗೊರ. ಕೊನೆಗೆ ಯಂತ್ರದೊಳಗಿನ ಇಂಗ್ಲಿಷ್ ಹೆಂಗಸು ತಣ್ಣಗಿನ ದನಿಯಲ್ಲಿ ಡಿಸ್ಕನೆಕ್ಟೆಡ್ ಎಂದಳು.

ಪಹಣಿ ಹಿಡಿದುಕೊಂಡು ಬಂದ ಇಲ್ಲೇ ಹತ್ತಿರದ ನಾರ್ವೆ ಹಳ್ಳಿಯ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಎಂತ ಮಾರಾಯ, ಅಂಗಡಿ ಒಳಗೂ ಕಡ್ಡಾಯ ಮಾಡಿದ್ರಾ?’

‘ಹೂಂ’ ಎಂದೆ.

‘ಮುಟ್ಟಿದೆ’ ಎಂಬ ಅವಳ ಮೆಸೇಜ್ ಬರುವವರೆಗೂ ಹೆಲ್ಮೆಟ್ ನನ್ನ ತಲೆಯ ಮೇಲೆಯೇ ಇತ್ತು. ಅಷ್ಟರಲ್ಲಿ ಇನ್ನೂ ಹತ್ತಾರು ಜನ ಬಂದು ಏನೇನೋ ಕೇಳಿ, ಹೂಂ ಅನ್ನಿಸಿಕೊಂಡು ಹೋಗಿದ್ದರು. ಏನಕ್ಕೆಲ್ಲ ಒಪ್ಪಿದ್ದೇನೆ ಎಂಬುದನ್ನು ಈಗಲೂ ಒಬ್ಬೊಬ್ಬರಾಗಿ ಬಂದು ತಿಳಿಸುತ್ತಿದ್ದಾರೆ.